ಎಂಟನೇ ದಿನ ಬರುವವರು ಯಾರು?

ಏಪ್ರಿಲ್-ಮೇ ಬಂತೆಂದರೆ ಕರಾವಳಿಯ ಇಗರ್ಜಿಗಳ ಯುವಕ ಸಂಘಗಳಿಗೆ ಶಿಬಿರದ ಹುಮ್ಮಸ್ಸು. ಕಾಲೇಜಿಗೆ ರಜೆ. ಒಳನಾಡಿನ ಗುಡ್ಡದ ಬದಿಯ ಯಾವುದೋ ಶಾಲೆಯಲ್ಲಿ ಠಿಕಾಣಿ. ಬೆಳಿಗ್ಗೆ ಪ್ರಾರ್ಥನೆ, ಗಂಜಿ, ಆಮೇಲೆ ಪಿಕಾಸಿ ಹಿಡಿದು ಬಡವರ ಮನೆಯ ಕೆಲಸ. ಒಬ್ಬರಿಗೆ ಪಾಯಿಖಾನೆಯ ಗುಂಡಿ, ಇನ್ನೊಬ್ಬರಿಗೆ ಬಾವಿಕಟ್ಟೆ, ಮತ್ತೊಬ್ಬರಿಗೆ ಕುಸಿದ ಗೋಡೆ. ಏಳನೇ ದಿನ ಸಮಾರೋಪ. ಫಾದರ್ ಭಾಷಣ, ಪಂಚಾಯತು ಅಧ್ಯಕ್ಷರ ಭಾಷಣ, ಶಾಲು, ಫೋಟೋ. ಟೆಂಪೋ ಹೊರಟೇ ಹೋಯಿತು.

ಎಂಟನೇ ದಿನ ಆ ಮನೆಯಲ್ಲಿ ಏನಾಯಿತು? ಅದು ಯಾವ ವರದಿಯಲ್ಲೂ ಬರುವುದಿಲ್ಲ.

ಶಿಬಿರಗಳನ್ನು ಹೀಗಳೆಯುವ ಮಾತಲ್ಲ ಇದು. ಬೀಡಿ ಕಟ್ಟಿ ಸಂಸಾರ ತೂಗಿಸುವ ಒಂಟಿ ಹೆಂಗಸಿಗೆ ಹತ್ತು ಹುಡುಗರ ಒಂದು ದಿನದ ಮೈಕೆಲಸ ಅಂದರೆ ಸಣ್ಣದೇನೂ ಅಲ್ಲ. ಮೇಸ್ತ್ರಿಯ ಸಂಬಳ ಕೇಳಿದರೆ ಅವಳು ಕೂತಲ್ಲೇ ಕೂರಬೇಕು. ಮುರಕಲ್ಲು ಹೊತ್ತು ಅಂಗೈ ಬೊಬ್ಬೆ ಎದ್ದ ಹುಡುಗನೂ ಕೂಲಿಯವನ ಬಳಿ ಚೌಕಾಸಿ ಮಾಡುವ ಮುಂಚೆ ಎರಡು ಸಲ ಯೋಚಿಸಿಯಾನು. ಇಷ್ಟಾದರೂ ಲಾಭವೇ.

ಆದರೆ ಕೆಲಸ ಯಾವುದೆಂದು ಆರಿಸುವವರು ಯಾರು? ಅಲ್ಲೇ ಇದೆ ಎಡವಟ್ಟು.

ಹಂಚಿನ ಮನೆಯೆಂದರೆ ವರ್ಷಕ್ಕೊಮ್ಮೆ ಮಾಡಿಗೆ ಹತ್ತಲೇಬೇಕಾದ ಮನೆ. ಹಂಚು ಇಳಿಸಿ, ಪಾಚಿ ಉಜ್ಜಿ, ಒಡೆದದ್ದನ್ನು ಬದಲಿಸಿ, ಗೆದ್ದಲು ತಿಂದ ರೀಪು ಕಿತ್ತು ಹೊಸದು ಹೊಡೆದು, ಮತ್ತೆ ಹೊದಿಸಬೇಕು. ಜೂನ್ ಮಳೆ ಬೀಳುವುದರೊಳಗೆ ಆಗಬೇಕು. (ಈ ಮಂಗಳೂರು ಹಂಚಿನ ಕಾರ್ಖಾನೆಯನ್ನು 1865ರಲ್ಲಿ ಮೊದಲು ಶುರು ಮಾಡಿದ್ದು ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಸಾಹೇಬರು. ಅಂದರೆ ಈ ಮಾಡಿಗೂ ಮಿಷನ್ನಿಗೂ ನಂಟು ಹಳೆಯದೇ!) ಗಂಡುಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋದ ಮನೆಗಳಲ್ಲಿ ಮಾಡಿಗೆ ಹತ್ತುವವರೇ ಇಲ್ಲ. ಶಿಬಿರದವರು ಬಂದು ಅಂಗಳದ ಮೂಲೆಯಲ್ಲಿ ಹೊಸದೊಂದು ಕಟ್ಟಿ, ಸುಣ್ಣ ಬಳಿದು, ಗೋಡೆಗೆ ಸಂಘದ ಹೆಸರು ಬರೆದು ಹೋಗುತ್ತಾರೆ. ಒಳಗೆ ಅಜ್ಜಿಯ ಚಾಪೆಯ ಮೇಲೆ ನೀರು ಸೋರುತ್ತಲೇ ಇರುತ್ತದೆ. ಹಂಚು ಕೈಯಾಡಿಸಿದ್ದಕ್ಕೆ ರಿಬ್ಬನ್ ಕತ್ತರಿಸುವ ಹಾಗಿಲ್ಲವಲ್ಲ, ಏನು ಮಾಡೋದು!

ಏಳು ದಿನದಲ್ಲಿ ಅಷ್ಟೇ ಆಗೋದು ಸ್ವಾಮಿ ಎನ್ನುವವರಿದ್ದಾರೆ. ಅಮೆರಿಕದ ಅಪಲೇಶಿಯಾ ಗುಡ್ಡಗಾಡಿಗೆ ಬರುವ ಇಗರ್ಜಿ ಹುಡುಗರಿಗೂ ಸಿಗುವುದು ಒಂದೇ ವಾರ. ಕಲ್ಲಿದ್ದಲ ಗಣಿಗಳ ಬಡ ಸೀಮೆ ಅದು. 1969ರಲ್ಲಿ ಟೆಕ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಐವತ್ತು ಜನರನ್ನು ಕೆಂಟಕಿ ಸಂಸ್ಥಾನಕ್ಕೆ ಕರೆತಂದು ನಾಲ್ಕು ಮನೆ ರಿಪೇರಿ ಮಾಡಿಸಿದರು. ನಾಲ್ಕೇ ನಾಲ್ಕು. ಅಪಲೇಶಿಯಾ ಸರ್ವಿಸ್ ಪ್ರಾಜೆಕ್ಟ್ ಎಂಬ ಆ ಕೆಲಸ ಇಂದಿಗೂ ನಡೆದಿದೆ. ಮನೆಯವರಿಂದ ಕಾಸು ಮುಟ್ಟುವುದಿಲ್ಲ. ಬರುವ ಹುಡುಗರೇ ಶುಲ್ಕ ಕಟ್ಟಿ ಬರುತ್ತಾರೆ. ಮನೆ ಬೆಚ್ಚಗಿರಬೇಕು, ಭದ್ರವಾಗಿರಬೇಕು, ಸೋರಬಾರದು, ಇಷ್ಟೇ ಅವರ ಗುರಿ. ಮುಖ್ಯ ಸಂಗತಿ ಬೇರೆಯೇ. ಈ ವಾರದವರು ಬಿಟ್ಟುಹೋದ ಮಾಡನ್ನು ಮುಂದಿನ ವಾರದವರು ಹಿಡಿಯುತ್ತಾರೆ. ಯಾವ ಮನೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಲು ಕಾಲೇಜು ವಯಸ್ಸಿನವರು ಬೇಸಿಗೆಯಿಡೀ ಅಲ್ಲೇ ಬೀಡುಬಿಟ್ಟಿರುತ್ತಾರೆ. ಅಲ್ಲಿಯ ಮನೆಗೆ ಎಂಟನೇ ದಿನವೂ ಜನ ಬರುತ್ತಾರೆ.

ಅದೇ 1969ರ ಸೆಪ್ಟೆಂಬರ್ 24ರಂದು ನಮ್ಮ ದೇಶದಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿತು. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳು. ಅದರಲ್ಲೂ ಏಳು ದಿನದ ಶಿಬಿರ, ಜೊತೆಗೆ ಒಂದು ದತ್ತು ಗ್ರಾಮ. ದತ್ತು ತೆಗೆದುಕೊಂಡ ಮಗುವನ್ನು ವರ್ಷಕ್ಕೆ ಏಳು ದಿನ ನೋಡಿದರೆ ಸಾಕೇ? ಎನ್ನೆಸ್ಸೆಸ್ಸಿನಲ್ಲಿ ಪಳಗಿದ ಹುಡುಗರು ಇಗರ್ಜಿಯ ಶಿಬಿರಕ್ಕೂ ಅದೇ ಲೆಕ್ಕ ಹೊತ್ತು ತರುತ್ತಾರೆ.

ಇನ್ನು ಪಿಕಾಸಿಗೆ ನಿಲುಕದ ಕೆಲಸವೊಂದಿದೆ. ಕಾಗದದ ಕೆಲಸ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ ಕೊಡುವುದು 1 ಲಕ್ಷ 20 ಸಾವಿರ. ಅದೂ ಕಂತು ಕಂತಾಗಿ. ಪಾಯ ಆಯಿತೇ, ಫೋಟೋ. ಗೋಡೆ ಆಯಿತೇ, ಫೋಟೋ. ಅದಕ್ಕೂ ಮೊದಲು ಕಾಲಡಿಯ ನೆಲ ತನ್ನದೆಂದು ತೋರಿಸಬೇಕು. ಸರ್ಕಾರಿ ಜಾಗದಲ್ಲಿ ತಲೆಮಾರಿನಿಂದ ಕೂತವರಿಗೆ ಹಕ್ಕುಪತ್ರ ಬೇಕಾದರೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಅರ್ಜಿ. ಓದು ಬಾರದ ಹೆಂಗಸು ಒಂದು ದಿನದ ಬೀಡಿ ಬಿಟ್ಟು ತಾಲೂಕು ಕಚೇರಿಗೆ ಹೋದರೆ "ಸಾಯ್ಬ್ರಿಲ್ಲ, ನಾಳೆ ಬನ್ನಿ." ನಾಳೆ ಹೋದರೆ "ಸರ್ವರ್ ಇಲ್ಲ." ಜೇಬಲ್ಲಿ ಮೊಬೈಲು, ಬಾಯಲ್ಲಿ ಇಂಗ್ಲಿಷು ಇರುವ ನಾಲ್ಕು ಬಿ.ಕಾಂ. ಹುಡುಗರು ಆಕೆಯ ಪಕ್ಕದಲ್ಲಿ ನಿಂತರೆ ಅದೇ ಗುಮಾಸ್ತನ ದನಿ ಬೇರೆಯಾಗುತ್ತದೆ. ಇದಕ್ಕೆ ಸಿಮೆಂಟು ಬೇಡ, ದೇಣಿಗೆ ರಶೀದಿ ಪುಸ್ತಕವೂ ಬೇಡ.

ಶಿಲುಬೆಯ ಬ್ಯಾನರು ಕಂಡೊಡನೆ "ಮತಾಂತರಕ್ಕೆ ಬಂದ್ರು" ಎನ್ನುವ ಬಾಯಿಗಳು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಇಗರ್ಜಿಗಳ ಮೇಲೆ ನಡೆದ ದಾಳಿಯನ್ನು ಇಲ್ಲಿ ಯಾರೂ ಮರೆತಿಲ್ಲ. ಹೆದರಿ ಮನೆಯಲ್ಲಿ ಕೂರಬೇಕಾಗಿಲ್ಲ. ಹಾಗೆಂದು ಹಂಚು ಬದಲಿಸಿದ ಅಂಗಳದಲ್ಲೇ ಪ್ರಾರ್ಥನೆ ಹಿಡಿಸುವುದೂ ಬೇಡ. ಅದಕ್ಕೆ ಶಾಲೆಯ ಜಗಲಿ ಇದೆ. ಯಾರ ಮನೆ ಹೆಚ್ಚು ಸೋರುತ್ತದೆಂದು ಊರವರನ್ನೇ ಕೇಳಿ ಪಟ್ಟಿ ಮಾಡಿದರೆ ಬ್ಯಾರಿಗಳ ಮನೆಯೂ ಬರುತ್ತದೆ, ದಲಿತ ಕಾಲೊನಿಯೂ ಬರುತ್ತದೆ, ಇಗರ್ಜಿಯ ಒಕ್ಕಲೂ ಬರುತ್ತದೆ.

ಈ ಸಲದ ಶಿಬಿರಕ್ಕೆ ಹತ್ತು ಮನೆ ಎಂದು ಬರೆದಿದ್ದರೆ ಆರಕ್ಕೆ ಇಳಿಸಲಿ. ಉಳಿದ ದಿನ ಹೋದ ವರ್ಷದ ಮನೆಗಳಿಗೆ ಹೋಗಿ ಬರಲಿ. ಗೋಡೆ ಬಿರುಕು ಬಿಟ್ಟಿದೆಯೇ, ಗುಂಡಿಗೆ ಮುಚ್ಚಳ ಬಿತ್ತೇ, ಅರ್ಜಿ ಯಾವ ಮೇಜಿನ ಮೇಲೆ ಕೂತಿದೆ ಎಂದು ವಿಚಾರಿಸಲಿ. ಆಗಸ್ಟಿನಲ್ಲಿ ಮಳೆ ಜಡಿಯುವಾಗ ಒಂದು ಭಾನುವಾರ ಪೂಜೆ ಮುಗಿಸಿ ಮತ್ತೊಮ್ಮೆ ಹೋಗಲಿ. ಮಾಡು ಎಲ್ಲಿ ಸೋರುತ್ತದೆಂದು ನೋಡಲು ಅದೇ ಸರಿಯಾದ ದಿನ.