ನಗೆಹಾಡಿನ ಮೇಲೊಂದು ಅಪವಾದ



‘ಬ್ಲೂ ಆಯ್ಸ್ಟರ್ ಕಲ್ಟ್’ ಎಂಬ ಅಮೆರಿಕದ ರಾಕ್ ತಂಡವು 1977ರಲ್ಲಿ ಹೊರತಂದ ‘ಗಾಡ್ಜಿಲ್ಲಾ’ ಹಾಡನ್ನು ಕೇಳಿದ ನನ್ನ ಬಂಧುವೊಬ್ಬರು, “ಅಣುಬಾಂಬಿನ ಸಂಕಟದಲ್ಲಿ ಹುಟ್ಟಿದ ಕಥೆಯನ್ನು ಕೋಡಂಗಿಯಾಟ ಮಾಡಿದ್ದಾರೆ” ಎಂದು ತೀರ್ಪಿತ್ತರು. ಈ ತೀರ್ಪನ್ನು ನಾನು ಒಪ್ಪಲಾರೆ.

ಸಂಕಟವಂತೂ ನಿಜವಾದದ್ದೇ. 1954ರ ಮಾರ್ಚ್ 1ರಂದು ಅಮೆರಿಕವು ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬನ್ನು ಪರೀಕ್ಷಿಸಿದಾಗ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯ 23 ಮಂದಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ಅವರಲ್ಲಿ ರೇಡಿಯೊ ನಿರ್ವಾಹಕ ಕುಬೊಯಾಮಾ ಸೆಪ್ಟೆಂಬರಿನಲ್ಲಿ ಅಸುನೀಗಿದರು. ನವೆಂಬರಿನಲ್ಲಿ ಇಶಿರೊ ಹೊಂಡಾ ಅವರ ಚಿತ್ರ ತೆರೆಕಂಡಿತು. ಅದರಲ್ಲಿ ಬಾಂಬಿನ ಪರೀಕ್ಷೆಗಳೇ ಕಡಲಾಳದ ದೈತ್ಯಪ್ರಾಣಿಯನ್ನು ಕೆಣಕಿ ಎಬ್ಬಿಸುತ್ತವೆ. ಪರೀಕ್ಷೆಗಳು ನಿಲ್ಲದಿದ್ದರೆ ಮತ್ತೊಂದು ಬಂದೀತು ಎಂದು ವೃದ್ಧ ವಿಜ್ಞಾನಿಯೊಬ್ಬ ಕೊನೆಯಲ್ಲಿ ಎಚ್ಚರಿಸುತ್ತಾನೆ.

ಹಾಗಾದರೆ ಈ ಕಥೆಯ ಹಲ್ಲು ಕಿತ್ತವರು ಯಾರು? 1956ರಲ್ಲಿ ಅಮೆರಿಕದ ವಿತರಕರು ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನನ್ನು ವರದಿಗಾರನಾಗಿಸಿ ನಡುನಡುವೆ ತುರುಕಿದರು. ನಾಗಾಸಾಕಿಯಿಂದ ಬದುಕಿ ಬಂದೆನೆಂದು ರೈಲಿನಲ್ಲಿ ಹೇಳುವ ಹೆಣ್ಣುಮಗಳ ಮಾತು ಮಾಯವಾಯಿತು. ವಿಜ್ಞಾನಿಯ ಎಚ್ಚರಿಕೆಯೂ ಹೋಯಿತು. ಆ ಜಾಗದಲ್ಲಿ, ಜಗತ್ತು ಇನ್ನು ನೆಮ್ಮದಿಯಾಗಿರಬಹುದೆಂಬ ಸಮಾಧಾನ ಬಂದು ಕುಳಿತಿತು. ಇಷ್ಟನ್ನೂ ಮಾಡಿದವರು ಒಮ್ಮೆಯೂ ನಗಲಿಲ್ಲ. ಎಲ್ಲವೂ ಗಂಭೀರ ಮುಖಮುದ್ರೆಯಲ್ಲೇ ನಡೆಯಿತು! ಆ ಗಾಂಭೀರ್ಯವನ್ನು ಕ್ಷಮಿಸುವ ನಾವು ನಗುವವನನ್ನು ಮಾತ್ರ ಕಟಕಟೆಗೆ ಎಳೆಯುತ್ತೇವೆ.

ತಂಡದ ಗಿಟಾರ್ ವಾದಕ ಡೊನಾಲ್ಡ್ ರೋಸರ್ ರಚಿಸಿದ ಹಾಡು ನಗಿಸುವುದು ನಿಜ. ದೈತ್ಯನು ವಿದ್ಯುತ್ ತಂತಿ ಕೀಳುತ್ತಾನೆ, ಬಸ್ಸನ್ನೆತ್ತಿ ಎಸೆಯುತ್ತಾನೆ. ನಡುವೆ ಜಪಾನೀ ಭಾಷೆಯಲ್ಲೊಂದು ತುರ್ತು ಪ್ರಕಟಣೆ. (ಗಿಟಾರಿನ ಆರ್ಭಟ ನನ್ನ ಕಿವಿಗೆ ತುಸು ಹೆಚ್ಚೇ, ಅದು ಬೇರೆ ಮಾತು.) ಬಾಂಬಿನ ಹೆಸರು ಹಾಡಿನಲ್ಲಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಇಷ್ಟೆಲ್ಲ ತಮಾಷೆಯ ಬಳಿಕ ಹಾಡು ದೂರುವುದು ದೈತ್ಯನನ್ನಲ್ಲ, ಮನುಷ್ಯನ ಅವಿವೇಕವನ್ನು. ಕತ್ತರಿ ಅಳಿಸಿದ ಮಾತಿನ ಸಾರವನ್ನು ನಗೆ ಉಳಿಸಿಕೊಂಡಿತು.

ಕತ್ತರಿ ಹಾಕದ ಮೂಲಚಿತ್ರವು ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡದ್ದು 2004ರಲ್ಲಿ. ಆ ವೇಳೆಗೆ ಈ ‘ಕೋಡಂಗಿ’ ಹಾಡಿಗೆ 27 ವರ್ಷ ತುಂಬಿತ್ತು.