ಹೂದೋಟದ ಮಾಲೀಕರಲ್ಲಿ ಒಂದು ಕೋರಿಕೆ

ದೇವನಹಳ್ಳಿ ಸುತ್ತಲಿನ ಗುಲಾಬಿ, ದ್ರಾಕ್ಷಿ ತೋಟದ ಮಾಲೀಕರೇ, ಮೇಸ್ತ್ರಿಗಳೇ, ಅಲ್ಲಿ ಕೂಲಿಗೆ ಹೋಗುವ ಹೆಣ್ಣುಮಕ್ಕಳ ಮನೆಯವರೇ,

ಕೈಕಾಲು ಬಾವು ಎಂದೊಡನೆ ನಮಗೆ ನೆನಪಾಗುವುದು ಆನೆಕಾಲು. ಸೊಳ್ಳೆಯಿಂದ ಹರಡುವ ಆ ರೋಗ ಹೆಚ್ಚಾಗಿ ಕಲಬುರಗಿ, ಬೀದರ್, ರಾಯಚೂರು ಮತ್ತು ಕರಾವಳಿಯದು. ಅಲ್ಲಿಂದ ವಿಮಾನ ನಿಲ್ದಾಣದ ಸುತ್ತ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಯಾರಿಗಾದರೂ ಅದು ಇದ್ದರೆ ದೂರ ಕೂರಿಸಬೇಡಿ; ಮುಟ್ಟಿದರೆ ಅಂಟದು. ನಾನು ಹೇಳಹೊರಟಿರುವುದು ಸೆರಗಿನಡಿ ಮರೆಯಾಗುವ ಇನ್ನೊಂದು ಬಾವಿನ ಬಗ್ಗೆ: ಸ್ತನ ಕ್ಯಾನ್ಸರ್‌ನಿಂದ ಗುಣವಾಗಿ ಬಂದವಳ ಕೈ ಬಾವು, ಲಿಂಫೆಡೀಮಾ.

ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದರೆ, ಮೇಲೆ ರೇಡಿಯೇಷನ್ ಕೊಟ್ಟರೆ, ಕೈಯಿಂದ ದುಗ್ಧರಸ ಹಿಂದಕ್ಕೆ ಹರಿಯುವ ದಾರಿ ಕೆಡುತ್ತದೆ. ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊದುತ್ತದೆಂದು ಅಂದಾಜು. ಕೆಲವರಿಗೆ ಎಷ್ಟೋ ವರ್ಷ ಕಳೆದ ಮೇಲೆ. ಅಂಥ ಕೈಗೆ ಗುಲಾಬಿ ಮುಳ್ಳು ಚುಚ್ಚಿದರೂ ಸಾಕು, ಸೋಂಕು ಹಬ್ಬಿ ಚಳಿಜ್ವರ ಹಿಡಿಯಬಹುದು. ಒಂದೊಂದು ಸೋಂಕೂ ಉಳಿದ ದಾರಿಯನ್ನೂ ಮತ್ತಷ್ಟು ಕೆಡಿಸಿ ಬಾವು ಹೆಚ್ಚಿಸುತ್ತದೆ.

ಮುಳ್ಳಿನ ಕೆಲಸ ಬಿಡಮ್ಮ ಎನ್ನುವುದು ಸುಲಭ. ಬಟವಾಡೆ ಯಾರು ಕೊಡುತ್ತಾರೆ?

ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು. ಅವಳಿಗೆ ಕಟಾವಿನ ಬದಲು ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಕೊಡಿ, ಕೂಲಿ ಮುರಿಯಬೇಡಿ. ದಪ್ಪ ಗ್ಲೌಸ್ ಇರಲಿ, ತುಂಬಿದ ಕ್ರೇಟ್ ಎತ್ತಿಸಬೇಡಿ, ತೊಳೆಯಲು ಸೋಪು, ನೀರು ಹತ್ತಿರವಿರಲಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಕಳಿಸಿ. ನಾಳೆ ನೋಡೋಣ ಅನ್ನುವ ಕಾಯಿಲೆಯಲ್ಲ ಇದು.

ಮನೆಯವರೇ, ಒಂದು ಕೈಗೆ ಮಾತ್ರ ಬಳೆ ಬಿಗಿಯಾಯಿತೆ, ರವಿಕೆ ತೋಳು ಒಂದೇ ಕಡೆ ಹಿಡಿಯುತ್ತಿದೆಯೆ? ದಪ್ಪಗಾದೆ ಎಂದು ನಗಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆದೊಯ್ಯಿರಿ. ನೀರಿಳಿಸುವ ಮಾತ್ರೆಯನ್ನು ನೀವೇ ಅಂಗಡಿಯಲ್ಲಿ ಕೊಂಡು ಕೊಡಬೇಡಿ. ಈ ಬಾವಿಗೆ ಅದು ಮದ್ದಲ್ಲ. ಬೇಕಾದದ್ದು ದಿನವೂ ಚರ್ಮದ ಆರೈಕೆ, ವ್ಯಾಯಾಮ, ಬ್ಯಾಂಡೇಜು. ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿ ಅವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಈ ಆರೈಕೆಗೆ ಯೋಗ, ಆಯುರ್ವೇದ ಬೆರೆಸಿ, ಹೀಗೆಯೇ ದುಗ್ಧರಸದ ದಾರಿ ಕೆಟ್ಟ ಆನೆಕಾಲಿನವರ ಬಾವು ಇಳಿಸಿದೆ. ಮನೆಯವರೂ ಕಲಿತು ಮಾಡಬಹುದಾದ ಕೆಲಸವದು.

ಕೈಗೆ ತೊಡುವ ಬಿಗಿ ತೋಳುಚೀಲ ಕೆಲವು ತಿಂಗಳಿಗೆ ಸಡಿಲವಾಗುತ್ತದೆ, ಮತ್ತೆ ಕೊಳ್ಳಬೇಕು. ಸ್ತ್ರೀಶಕ್ತಿ ಸಂಘಗಳು, ಹೂ ಬೆಳೆಗಾರರು ಸೇರಿ ಆ ಖರ್ಚು ವಹಿಸಿಕೊಳ್ಳಲಿ. ಮಾರ್ಚ್ 6 ವಿಶ್ವ ಲಿಂಫೆಡೀಮಾ ದಿನ. ಅಂದು ಫ್ಲೆಕ್ಸ್ ಕಟ್ಟುವ ಆಲೋಚನೆ ಯಾರಿಗಾದರೂ ಇದ್ದರೆ, ಆ ದುಡ್ಡನ್ನೂ ಇದಕ್ಕೇ ಕೊಡಿ.