ಅಣ್ವಸ್ತ್ರದ ಬೆದರಿಕೆಯೂ ಪ್ರಜಾರಾಜ್ಯಗಳೂ

ಅಣ್ವಸ್ತ್ರವನ್ನುಳ್ಳ ಬಲಾಢ್ಯ ರಾಷ್ಟ್ರವೊಂದು ನೆರೆನಾಡಿನ ಮೇಲೆ ದಂಡೆತ್ತಿ ಹೋಗಿ, ಅಡ್ಡ ಬಂದವರನ್ನೂ ಸುಟ್ಟುಬಿಡುವೆನೆಂದು ಗದರಿಸಿದರೆ, ಪ್ರಜೆಗಳ ಮತದಿಂದ ನಡೆಯುವ ರಾಜ್ಯಗಳು ಏನು ಮಾಡಬೇಕು? ಈ ಪ್ರಶ್ನೆ ನಮ್ಮ ಚರ್ಚಾಕೂಟದಲ್ಲಿ ಎದ್ದಾಗಲೆಲ್ಲ ಎರಡೇ ಕೂಗು ಕೇಳಿಬರುತ್ತವೆ. ಒಂದು ಪಕ್ಷ ‘ಮ್ಯೂನಿಕ್’ ಎನ್ನುತ್ತದೆ. ಇನ್ನೊಂದು ‘ಹಿರೋಷಿಮಾ’ ಎನ್ನುತ್ತದೆ. 1938ರಲ್ಲಿ ಬ್ರಿಟನ್ನೂ ಫ್ರಾನ್ಸೂ ಚೆಕೊಸ್ಲೊವಾಕಿಯದ ಗಡಿನಾಡನ್ನು ಹಿಟ್ಲರನಿಗೆ ಒಪ್ಪಿಸಿ ಶಾಂತಿಯನ್ನು ಕೊಂಡೆವೆಂದು ಬಗೆದವು. ವರ್ಷ ತುಂಬುವ ಮುನ್ನವೇ ಮಹಾಯುದ್ಧ ಬಂದಿತು. 1945ರ ಆಗಸ್ಟ್ 6ರಂದು ಒಂದೇ ಬಾಂಬು ಒಂದು ನಗರವನ್ನು ಬೂದಿ ಮಾಡಿತು. ಎರಡೂ ನಿಜ. ಆದರೆ ಹೆಸರನ್ನು ಕೂಗಿದ ಮಾತ್ರಕ್ಕೆ ವಾದವಾಗದು. ಆದುದರಿಂದ ನಮ್ಮ ಕಾಲದ್ದೇ ಆದ ಯುಕ್ರೇನಿನ ನಿದರ್ಶನವನ್ನು ತುಸು ನಿಧಾನವಾಗಿ ನೋಡಲಿಚ್ಛಿಸುತ್ತೇವೆ.

1991ರಲ್ಲಿ ಸೋವಿಯೆತ್ ಒಕ್ಕೂಟ ಒಡೆದಾಗ ಯುಕ್ರೇನಿನ ನೆಲದಲ್ಲಿ ಸುಮಾರು 1,900 ದೂರಗಾಮಿ ಅಣ್ವಸ್ತ್ರಗಳು ಉಳಿದವು. ರಷ್ಯ, ಅಮೆರಿಕಗಳ ಬಳಿಕ ಲೋಕದಲ್ಲಿ ಅದೇ ಮೂರನೆಯ ದೊಡ್ಡ ಸಂಗ್ರಹ. ಅವನ್ನು ಸಿಡಿಸುವ ಗುಪ್ತ ಸಂಕೇತಗಳು ಮಾಸ್ಕೋದ ವಶದಲ್ಲಿದ್ದವು. ಅವನ್ನು ಸಾಕಲು ಬೇಕಾದ ಹಣವೂ ಹೊಸ ರಾಜ್ಯದ ಬೊಕ್ಕಸದಲ್ಲಿರಲಿಲ್ಲ. ಹೀಗಿರುವಾಗ, ‘ಅವು ಇದ್ದಿದ್ದರೆ ಯುದ್ಧವೇ ಆಗುತ್ತಿರಲಿಲ್ಲ’ ಎಂದು ಸಲೀಸಾಗಿ ಹೇಳುವವರ ಗುಂಪಿಗೆ ನಾವು ಸೇರೆವು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್ ನಗರದಲ್ಲಿ ರಷ್ಯ, ಅಮೆರಿಕ, ಬ್ರಿಟನ್ನುಗಳು ಯುಕ್ರೇನಿನ ಗಡಿಗಳನ್ನು ಗೌರವಿಸುವುದಾಗಿಯೂ ಅದರ ಮೇಲೆ ಬಲಪ್ರಯೋಗ ಮಾಡುವುದಿಲ್ಲವೆಂದೂ ಬರೆದು ಸಹಿ ಹಾಕಿದವು. 1996ರಲ್ಲಿ ಕೊನೆಯ ಅಸ್ತ್ರವೂ ರಷ್ಯಕ್ಕೆ ಸಾಗಿತು.

ಭಾಷೆ ಕಲಿಯುವ ನಾವು ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಆ ಪತ್ರದ ಇಂಗ್ಲಿಷ್ ಪ್ರತಿಯಲ್ಲಿರುವ ಪದಕ್ಕೆ ‘ಭರವಸೆ’ ಎಂದಷ್ಟೇ ಅರ್ಥ. ರಷ್ಯನ್ ಮತ್ತು ಯುಕ್ರೇನಿಯನ್ ಪ್ರತಿಗಳಲ್ಲಿರುವುದು ‘ಗ್ಯಾರಂಟಿ’ ಎಂಬ ಪದ. ಅಮೆರಿಕದವರು ಮೊದಲನೆಯದನ್ನು ಬೇಕೆಂದೇ ಆರಿಸಿದ್ದರು, ಏಕೆಂದರೆ ಭರವಸೆಯಿತ್ತವನು ಸೈನ್ಯ ಕಳುಹಿಸಬೇಕಾಗಿಲ್ಲ. ಸಾಲ ಕೊಡುವವನೆದುರು ‘ಒಳ್ಳೆಯ ಮನುಷ್ಯ, ಕೊಡಬಹುದು’ ಎನ್ನುವವನೂ ಜಾಮೀನು ನಿಲ್ಲುವವನೂ ಒಂದೇ ಅಲ್ಲವಷ್ಟೆ!

2014ರಲ್ಲಿ ರಷ್ಯವು ಕ್ರಿಮಿಯವನ್ನು ಕಿತ್ತುಕೊಂಡಿತು. ಪ್ರಜಾರಾಜ್ಯಗಳು ಖಂಡಿಸಿದವು, ಕೆಲವು ದಿಗ್ಬಂಧನಗಳನ್ನು ವಿಧಿಸಿದವು, ವ್ಯಾಪಾರವನ್ನು ಬಹುಮಟ್ಟಿಗೆ ಮುಂದುವರಿಸಿದವು. 2022ರ ಜನವರಿ 3ರಂದು, ಅಣುಯುದ್ಧದಲ್ಲಿ ಗೆಲುವಿಲ್ಲ, ಅದನ್ನು ಹೂಡಲೇಬಾರದು ಎಂದು ರಷ್ಯವೂ ಸೇರಿ ಐದು ಅಣ್ವಸ್ತ್ರ ರಾಷ್ಟ್ರಗಳು ಸಾರಿದವು. ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನನ್ನು ಹೊಕ್ಕಿತು. ಮೂರೇ ದಿನಕ್ಕೆ ಅದರ ಅಧ್ಯಕ್ಷರು ಅಣ್ವಸ್ತ್ರ ಪಡೆಗಳನ್ನು ವಿಶೇಷ ಸನ್ನದ್ಧ ಸ್ಥಿತಿಗೆ ತರುವಂತೆ ಆಜ್ಞಾಪಿಸಿದರು.

ಬೆದರಿಕೆ ಫಲಿಸಿತೇ? ಅರ್ಧ ಫಲಿಸಿತೆನ್ನಬೇಕು. ಪಶ್ಚಿಮದ ಪ್ರಜಾರಾಜ್ಯಗಳು ಯುಕ್ರೇನನ್ನು ಕೈಬಿಡಲಿಲ್ಲ. ಆದರೆ ಪ್ರತಿಯೊಂದು ಆಯುಧಕ್ಕೂ ತಿಂಗಳುಗಟ್ಟಲೆ ತೂಗಿ ನೋಡಿದವು. ದೂರ ಹಾರುವ ರಾಕೆಟ್ಟುಗಳು 2022ರ ಬೇಸಗೆಯಲ್ಲಿ ಬಂದವು; ಟ್ಯಾಂಕುಗಳಿಗೆ 2023ರ ಜನವರಿಯಲ್ಲಿ ಒಪ್ಪಿಗೆ ದೊರೆಯಿತು; ಎಫ್-16 ವಿಮಾನಗಳು ಬರುವಾಗ 2024 ಆಗಿತ್ತು. ಇಂದು ಅಪಾಯಕರವೆಂದು ನಿರಾಕರಿಸಿದ್ದನ್ನೇ ನಾಳೆ ಕೊಟ್ಟರು. ಕೊಡುವುದಾದರೆ ಬೇಗ ಕೊಡಬೇಕಿತ್ತು. ಕೊಡಲಾಗದಿದ್ದರೆ ಹಾಗೆಂದು ಮೊದಲೇ ಹೇಳಿಬಿಡಬೇಕಿತ್ತು. ನಡುವಿನ ಆ ಕಾಲದಲ್ಲಿ ಶತ್ರು ಕಂದಕ ತೋಡಿದ. ಪ್ರಜಾರಾಜ್ಯಗಳ ಮೇಲೆ ನಾವು ಹೊರಿಸುವ ದೊಡ್ಡ ದೋಷ ಇದೇ, ಹೇಡಿತನಕ್ಕಿಂತಲೂ ತಡಬಡಿಕೆ.

ನಮ್ಮ ಎದುರು ಪಕ್ಷದವರು ಕೇಳುವ ಪ್ರಶ್ನೆ ಮಾತ್ರ ಕ್ಷುಲ್ಲಕವಲ್ಲ: ‘ನಿಮ್ಮ ಲೆಕ್ಕ ತಪ್ಪಿ ಒಂದೇ ಒಂದು ಬಾಂಬು ಬಿದ್ದರೆ ಉತ್ತರ ಕೊಡುವವರಾರು?’ 2022ರ ಸೆಪ್ಟೆಂಬರ್ 30ರಂದು ರಷ್ಯವು ಖೆರ್ಸಾನ್ ಪ್ರಾಂತವನ್ನು ತನ್ನದೇ ನೆಲವೆಂದು ಘೋಷಿಸಿ, ಸರ್ವಸಾಧನಗಳಿಂದಲೂ ರಕ್ಷಿಸುವೆನೆಂದಿತು. ನವೆಂಬರ್ 11ರಂದು ಖೆರ್ಸಾನ್ ನಗರ ಯುಕ್ರೇನಿಗೆ ಮರಳಿತು, ಬಾಂಬು ಬೀಳಲಿಲ್ಲ. ಅದರಿಂದ ಬೆದರಿಕೆಯೆಲ್ಲ ಬರಿಯ ಹುಸಿಯೆಂದು ಸಿದ್ಧವಾಗದು. ಆ ದಿನಗಳಲ್ಲಿಯೇ ಚೀನವು ಅಣ್ವಸ್ತ್ರದ ಬಳಕೆಯನ್ನು ಬಹಿರಂಗವಾಗಿ ವಿರೋಧಿಸಿತ್ತು. ಇದು ಯುದ್ಧದ ಯುಗವಲ್ಲವೆಂದು ನಮ್ಮ ಪ್ರಧಾನಿಗಳು ಸಮರ್ಕಂದದಲ್ಲಿ ರಷ್ಯದ ಅಧ್ಯಕ್ಷರ ಮುಖಕ್ಕೇ ಹೇಳಿದ್ದರು. ಕೈ ತಡೆದದ್ದು ಯಾವುದೆಂದು ನಿಶ್ಚಯಿಸುವುದು ಕಷ್ಟ.

ದೃಢತೆಯ ಪಾಠಕ್ಕೆ ಎಲ್ಲರೂ 1962ರ ಕ್ಯೂಬಾವನ್ನು ನೆನೆಯುತ್ತಾರೆ, ಆದರೆ ಅರ್ಧವನ್ನು ಮಾತ್ರ. ಅಧ್ಯಕ್ಷ ಕೆನೆಡಿ ಬಾಂಬು ಹಾಕಿಸದೆ ಹಡಗುಗಳಿಂದ ದ್ವೀಪವನ್ನು ಸುತ್ತುವರಿಸಿದರು. ಕ್ರುಶ್ಚೇವ್ ಕ್ಷಿಪಣಿಗಳನ್ನು ಹಿಂದೆಗೆದರು. ಅಷ್ಟು ಜಗತ್ತಿಗೆ ಕಂಡಿತು. ತುರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯಿಸುವುದಾಗಿ ಕೆನೆಡಿ ಗುಟ್ಟಾಗಿ ಮಾತುಕೊಟ್ಟದ್ದು ಬಹುಕಾಲ ಕಾಣಲಿಲ್ಲ. ಅಕ್ಟೋಬರ್ 27ರಂದು ಸೋವಿಯೆತ್ ಜಲಾಂತರ್ಗಾಮಿಯೊಂದರೊಳಗೆ ಅಣ್ವಸ್ತ್ರದ ಟಾರ್ಪಿಡೊ ಹಾರಿಸಲು ಒಪ್ಪದೆ ನಿಂತ ಅಧಿಕಾರಿ ಅರ್ಖಿಪೊವ್ ಅವರ ಹೆಸರೂ ದಶಕಗಳ ಬಳಿಕ ಹೊರಬಂದಿತು. ಮರುವರ್ಷ ಎರಡು ರಾಜಧಾನಿಗಳ ನಡುವೆ ನೇರ ತಂತಿಸಂಪರ್ಕ ಏರ್ಪಟ್ಟಿತು.

ಆದುದರಿಂದ ನಾವು ಹೇಳುವುದಿಷ್ಟು. ಬೆದರಿಕೆಗೆ ಕಪ್ಪಕಾಣಿಕೆ ಒಪ್ಪಿಸಕೂಡದು. ಆದರೆ ಶತ್ರುವಿಗೆ ಹಿಂದಿರುಗುವ ಒಂದು ದಾರಿಯನ್ನೂ ಮಾತನಾಡುವ ಒಂದು ತಂತಿಯನ್ನೂ ಉಳಿಸಿರಬೇಕು. ತಾವು ಏನು ಮಾಡುವೆವು, ಏನು ಮಾಡೆವು ಎಂಬುದನ್ನು ಪ್ರಜಾರಾಜ್ಯಗಳು ಮೊದಲೇ ತಮ್ಮ ಜನರೊಡನೆ ಚರ್ಚಿಸಿ ನಿಶ್ಚಯಿಸಲಿ. ನಿಶ್ಚಯಿಸಿದ ಮೇಲೆ ದಿನಕ್ಕೊಂದು ಮಾತಾಡದಿರಲಿ. ಅಣ್ವಸ್ತ್ರವುಳ್ಳವನು ಬೇಕಾದುದನ್ನು ಕಿತ್ತುಕೊಳ್ಳಬಲ್ಲನೆಂದಾದರೆ, ಅದಿಲ್ಲದ ಸಣ್ಣ ರಾಷ್ಟ್ರಗಳೆಲ್ಲ ಅದನ್ನೇ ಹುಡುಕಿ ಹೊರಡುವವು. 2003ರಲ್ಲಿ ಲಿಬಿಯ ತನ್ನ ಅಣ್ವಸ್ತ್ರ ಯೋಜನೆಯನ್ನು ತೊರೆಯಿತು; 2011ರಲ್ಲಿ ಗಡಾಫಿಯ ಆಳ್ವಿಕೆ ಉರುಳಿತು. 2006ರಲ್ಲಿ ಮೊದಲ ಬಾಂಬು ಸಿಡಿಸಿದ ಉತ್ತರ ಕೊರಿಯದ ಮುಖಂಡರು ಈ ಕಥೆಯನ್ನು ಬಾಯಿಪಾಠ ಮಾಡಿದ್ದಾರೆ.

ಇದನ್ನು ದೂರದ ಜಗಳವೆಂದು ನಾವು ನೋಡಲಾರೆವು. ಯುಕ್ರೇನಿನಲ್ಲಿ ವೈದ್ಯಶಾಸ್ತ್ರ ಕಲಿಯುತ್ತಿದ್ದವರೂ ಸೇರಿ 20,000ಕ್ಕೂ ಹೆಚ್ಚು ಭಾರತೀಯರು 2022ರಲ್ಲಿ ಮರಳಿ ಬರಬೇಕಾಯಿತು. ಅವರಲ್ಲಿ ಕನ್ನಡಿಗರೂ ಇದ್ದರು. ಮುಂಬಯಿಯ ಮಕ್ಕಳಾದ ನಮಗೆ ಟ್ರಾಂಬೆಯ ಅಣುಶಕ್ತಿ ಕೇಂದ್ರ ಊರೊಳಗಿನದೇ. 1974ರಲ್ಲಿ, ಮತ್ತೆ 1998ರಲ್ಲಿ ಪೋಖರಣಿನಲ್ಲಿ ಸ್ಫೋಟ ನಡೆಸಿದ ನಮ್ಮ ದೇಶ, ತಾನಾಗಿ ಮೊದಲು ಅಣ್ವಸ್ತ್ರ ಪ್ರಯೋಗಿಸುವುದಿಲ್ಲವೆಂಬ ನೀತಿಯನ್ನು 2003ರಲ್ಲಿ ಪ್ರಕಟಿಸಿತು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯಲ್ಲಿ 141 ರಾಷ್ಟ್ರಗಳು ರಷ್ಯದ ಆಕ್ರಮಣವನ್ನು ಖಂಡಿಸಿ ಮತವಿತ್ತಾಗ, ಮತ ನೀಡದೆ ಉಳಿದ 35 ರಾಷ್ಟ್ರಗಳಲ್ಲಿ ನಮ್ಮದೂ ಒಂದು. ಹಳೆಯ ಸ್ನೇಹ, ಸೈನ್ಯಕ್ಕೆ ಬೇಕಾದ ಆಯುಧಗಳು, ಉತ್ತರದ ಗಡಿಯ ಚಿಂತೆ, ಇವೆಲ್ಲ ಅದರ ಹಿಂದಿದ್ದವು. ಅದು ಸರಿಯೇ ಎಂಬ ವಿಷಯದಲ್ಲಿ ನಮ್ಮ ಸಂಪಾದಕ ಮಂಡಳಿಯೊಳಗೇ ಒಮ್ಮತವಿಲ್ಲ.